ಕೆಲಸವಿಲ್ಲದೆ ನಡೆದವನ ಪ್ರಕಟಣೆ

ಮಿತ್ರರೇ, ಚರಿತ್ರೆಯಲ್ಲಿ ದಾಖಲಾಗಲಿ: ಇಂದು ಸಂಜೆ ನಾನು ರಾಜಘಟ್ಟದ ರಸ್ತೆಯಲ್ಲಿ ಯಾವ ಕೆಲಸವೂ ಇಲ್ಲದೆ ನಡೆದೆ!

ಈ ಕಡೆ ಅದು ಹುಚ್ಚಿನ ಲಕ್ಷಣ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರು ತಡೆದರು.

"ಹಸು ಕಳ್ಕೊಂಡ್ರಾ ಸ್ವಾಮಿ?"

"ಇಲ್ಲಮ್ಮ."

"ಮತ್ತೆ ಯಾರ ಮನೆಗೆ?"

"ಯಾರ ಮನೆಗೂ ಅಲ್ಲ. ಬ್ಲಡ್ ಪ್ರೆಶರ್ ಇಳೀಬೇಕಂದ್ರೆ ಉಪ್ಪು ಬಿಡಿ, ದಿನಾ ನಡೀರಿ ಅಂದಿದಾರೆ ಡಾಕ್ಟ್ರು."

"ಅಯ್ಯೋ ಶಿವನೇ! ಹೋಗಿ ಎರಡು ಮಾತಾಡೋಕೆ ಒಬ್ಬರ ಮನೇನೂ ಇಲ್ವಾ ನಿಮಗೆ?"

ಉಪ್ಪಿಲ್ಲದ ಸಾರು ನುಂಗಿದ ಗಂಟಲಲ್ಲಿ ಈ ಪ್ರಶ್ನೆ ಇಳಿಯಲಿಲ್ಲ. ವರ್ಗವಾಗಿ ಬಂದು ವರ್ಷವಾದರೂ ನನಗಿಲ್ಲಿ ಪರಿಚಯದ ಬಾಗಿಲೊಂದಿಲ್ಲ.

ನಾಳೆಯೂ ನಡೆಯಲೇಬೇಕು. ಆದ್ದರಿಂದ ಆ ರಸ್ತೆಯ ಯಾರಿಗಾದರೂ ಮದುವೆ ಪತ್ರಿಕೆಯೋ, ಹೆಪ್ಪಿಗೆ ಮಜ್ಜಿಗೆಯೋ ತಲುಪಿಸುವುದಿದ್ದರೆ ದಯವಿಟ್ಟು ನನ್ನ ಕೈಗೆ ಕೊಡಿ. ಕೊಟ್ಟು, ಸ್ವಲ್ಪ ಹೊತ್ತು ಕೂತು ಬರುತ್ತೇನೆ.