ಗುಳೆ ಹೋಗುವವಳ ದೀಪದ ಹಲಗೆ

ಆಗ ನಾನು ಕೋಸಗಿಯ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಆದೋನಿಯ ಮನೆಯಿಂದ ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳವು. ಕೋಸಗಿಯ ಸ್ಟೇಷನ್ ರಸ್ತೆಯಲ್ಲಿ ಮದುವೆಗೂ ಹಬ್ಬಕ್ಕೂ ಮೈಕು, ಸೀರಿಯಲ್ ಲೈಟು ಬಾಡಿಗೆಗೆ ಕೊಡುವವನೊಬ್ಬನಿದ್ದ. ಪ್ರತಿ ದೀಪಾವಳಿಗೂ ಅಂಗಡಿಯವರೆಲ್ಲ ಸೇರಿ ಸ್ಟೇಷನ್ ಮುಂದೆ ಅವನಿಂದ ಒಂದು ದೊಡ್ಡ ದೀಪದ ಹಲಗೆ ನಿಲ್ಲಿಸುತ್ತಿದ್ದರು. ಹಲಗೆಯ ಮೇಲೆ ಚಿತ್ರ ನಾನು ಬರೆದುಕೊಡುತ್ತಿದ್ದೆ. ಅವನು ನನ್ನ ಗೆರೆಗುಂಟ ತೂತು ಕೊರೆದು ಬಣ್ಣದ ಸಣ್ಣ ಬಲ್ಬು ಕೂರಿಸುತ್ತಿದ್ದ. ಒಂದು ವರ್ಷ ಕೊಳಲಿನ ಕೃಷ್ಣ, ಇನ್ನೊಂದು ವರ್ಷ ಗರಿ ಬಿಚ್ಚುವ ನವಿಲು.

ಆ ವರ್ಷ ಅವನು ಶಾಲೆಯ ಬಾಗಿಲಲ್ಲಿ ಬಂದು ನಿಂತು, "ಟೀಚರಮ್ಮಾ, ಈ ಸಲ ದೇವರು ಬ್ಯಾಡ್ರಿ. ನಮ್ಮಕ್ಕನ್ನ ಬರದುಕೊಡ್ರಿ" ಅಂದ.

ಅವನ ಅಕ್ಕನ ಸಂಗತಿ ನನಗೆ ಗೊತ್ತಿತ್ತು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಆಕೆಯೇ. ದೀಪಾವಳಿ ಮುಗಿಯುತ್ತಲೇ ಆಕೆ, ಗಂಡ ಇಬ್ಬರೂ ಬೊಂಬಾಯಿ ಕಡೆ ರಸ್ತೆ ಕೆಲಸಕ್ಕೆ ಗುಳೆ ಹೋಗುತ್ತಿದ್ದರು; ಯುಗಾದಿಗೆ ತಿರುಗಿ ಬರುತ್ತಿದ್ದರು. ಹಿಂದಿನ ಸಲ ಹೋದಾಗ ಅವರ ಒಬ್ಬಳೇ ಮಗಳು ಅಲ್ಲಿನ ಗುಡಿಸಲಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಕೆಲಸ ನಡೆದ ಜಾಗದ ಪಕ್ಕದಲ್ಲೇ ಮಣ್ಣು ಮಾಡಿದ್ದರು. ಊರಿಗೆ ಹೊರಡುವ ಮುಂಚೆ ನೋಡಲು ಹೋದರೆ ರಸ್ತೆ ಅಗಲವಾಗಿ, ಅದರ ಮೇಲೆ ಟಾರು ಬಿದ್ದಿತ್ತು. ಎಲ್ಲಿ ಹೂತಿದ್ದರೆಂಬುದೇ ತಿಳಿಯಲಿಲ್ಲವಂತೆ.

"ರೈಲು ತುಂಬ ಮಂದಿ ಹೋಗ್ತಾರ್ರಿ, ಯಾರೂ ತಿರುಗಿ ನೋಡಂಗಿಲ್ಲ" ಅಂದ ಅವನು. "ಲೈಟಿನಾಗ ನಿಂದ್ರಿಸಿದ್ರ ನೋಡ್ತಾರ. ದೊಡ್ಡೋರು ನೋಡಿದ್ರ ಇಲ್ಲೇ ಏನಾರ ಕೆಲಸಕ್ಕ ಹಚ್ಯಾರು."

ನನಗೂ ಅದು ನಿಜವೆನ್ನಿಸಿತು. ಅಂಗಡಿಯವರು ಹಬ್ಬದಲ್ಲಿ ಇದೇನು ಅಪಶಕುನ ಎಂದು ಗೊಣಗಿದರು. ಆದರೂ ಹೊಸದೇನೋ ಬರುತ್ತದೆಂದು ಒಪ್ಪಿದರು.

ಒಂದು ಮಧ್ಯಾಹ್ನ ಅಕ್ಕ ಶಾಲೆಯ ಜಗಲಿಗೆ ಬಂದಳು. ತಲೆ ಮೇಲೆ ಬಟ್ಟೆಗಂಟು ಹೊತ್ತು, ಸೊಂಟ ಓರೆ ಮಾಡಿ, ಎಡಗೈಯನ್ನು ಸೊಂಟದ ಬಳಿ ಬಾಗಿಸಿ ಹಿಡಿದು ನಿಂತಳು. ಆ ಕೈಯಲ್ಲಿ ಏನೂ ಇರಲಿಲ್ಲ. ನನ್ನ ಪೆನ್ಸಿಲ್ ಅಲ್ಲಿಗೆ ಬಂದು ನಿಂತುಬಿಟ್ಟಿತು.

"ಬರೀರಿ ಟೀಚರಮ್ಮಾ. ಕೂಸು ಬಿಟ್ಟು ನಾ ಎಂದೂ ಗುಳೆ ಹೊಂಟಿಲ್ಲ" ಅಂದಳು.

"ಎಷ್ಟು ದೊಡ್ಡಾಕಿ ಇದ್ದಳು?"

ಬಲಗೈಯಿಂದ ಗಾಳಿಯಲ್ಲಿ ತಲೆಯೆಲ್ಲಿ, ಕಾಲೆಲ್ಲಿ ಎಂದು ತೋರಿಸಿದಳು. "ಕಾಲು ಇಲ್ಲೀತನ ಬರ್ತಿದ್ವು. ನಡದ್ರ ನನ್ನ ತೊಡಿಗೆ ಬಡಿತಿದ್ವು." ತೋರಿಸಿದಷ್ಟನ್ನೇ ಬರೆದೆ.

ಅವನು ಚಿತ್ರದ ಹೆಂಗಸಿನ ಕಾಲುಗಳಿಗೆ ಬೇರೆ ಬೇರೆ ಸಾಲು ಬಲ್ಬು ಹಾಕಿದ. ಹಿಂದೆ ಸಣ್ಣ ಮೋಟಾರು ತಿರುಗಿದರೆ ಒಂದಾದ ಮೇಲೊಂದು ಸಾಲು ಹತ್ತಿ ಆರಿ ಆಕೆ ನಡೆಯುವಂತೆ ಕಾಣುತ್ತಿತ್ತು. ಗಂಟಿಗೆ ಕೆಂಪು, ಸೀರೆಗೆ ಹಸಿರು, ಮಗುವಿಗೆ ಮಾತ್ರ ಬಣ್ಣ ಹಚ್ಚದ ಬಿಳಿ ಬಲ್ಬು.

ಹಬ್ಬದ ಸಂಜೆ ಸ್ವಿಚ್ ಹಾಕಿದಾಗ ಜನ ಚಪ್ಪಾಳೆ ಹೊಡೆದರು, ಸಿಳ್ಳೆ ಹಾಕಿದರು. ಹತ್ತಿ ವ್ಯಾಪಾರಿಯೊಬ್ಬರು "ಚಾಲಾ ಬಾಗುಂದಿ" ಎಂದು ತೆಲುಗಿನಲ್ಲಿ ಮೆಚ್ಚಿಕೊಂಡರು. ಪೆದ್ದಕಡುಬೂರಿನಿಂದ ಗಾಡಿ ಕಟ್ಟಿಕೊಂಡು ಬಂದವರಿದ್ದರು. ಅತಿಥಿಯಾಗಿ ಬಂದಿದ್ದ ಅಧಿಕಾರಿ ಬಹಳ ಹೊತ್ತು ನೋಡಿದರು. ಅವನು ಧೈರ್ಯ ಮಾಡಿ ಹತ್ತಿರ ಹೋಗಿ, "ಸಾರ್, ಆಕಿ ನಮ್ಮಕ್ಕ. ಇನ್ನ ನಾಕು ದಿನಕ್ಕ ಗುಳೆ ಹೊಂಟಾಳ್ರಿ" ಅಂದ.

"ಅದೃಷ್ಟವಂತೆ ಬಿಡಪ್ಪ. ಯಾರ ಅಕ್ಕಂಗ ಇಂಥ ಲೈಟು ಹಾಕ್ತಾರ?" ಎಂದು ಅವರು ಅವನ ಬೆನ್ನು ತಟ್ಟಿ ಜೀಪು ಹತ್ತಿದರು. ಅವನು ಅಲ್ಲೇ ನಿಂತಿದ್ದ.

ಗುಳೆ ಹೊರಡುವ ಸಂಜೆ ಹಲಗೆ ಇನ್ನೂ ಉರಿಯುತ್ತಿತ್ತು. ಸಾಮಾನು ಇಳಿಸಿ ಕೂತ ಸಂಸಾರಗಳು ರೈಲು ಬರುವತನಕ ಅದನ್ನೇ ನೋಡಿದವು. ಒಬ್ಬರೂ ಚಪ್ಪಾಳೆ ಹೊಡೆಯಲಿಲ್ಲ. ಅಕ್ಕ ತಲೆ ಮೇಲಿನ ಗಂಟಿನ ಸಮೇತ ಹಲಗೆಯ ಹತ್ತಿರ ಹೋಗಿ ಬಿಳಿ ಬಲ್ಬುಗಳ ಮೇಲೆ ಅಂಗೈ ಇಟ್ಟಳು.

"ಬೆಚ್ಚಗ ಅದಾಳ" ಅಂದಳು.

ತಮ್ಮ, "ಈ ಸಲ ಹೋಗಬ್ಯಾಡಕ್ಕಾ" ಅಂದ. "ಕುಂತರ ಹೊಟ್ಟಿ ಕೇಳತೈತೇನೋ?" ಎಂದಳು ಆಕೆ. ರೈಲು ಬಂತು. ನೂಕುನುಗ್ಗಲಲ್ಲಿ ಆಕೆ ಯಾವ ಡಬ್ಬಿ ಹತ್ತಿದಳೋ ಕಾಣಲಿಲ್ಲ.

ಯುಗಾದಿಗೆ ಗಂಡ ಒಬ್ಬನೇ ಬಂದ. ಒಂದು ಮುಂಜಾನೆ ಆಕೆ ಮಗಳನ್ನು ಹೂತ ಜಾಗ ಹುಡುಕುತ್ತೇನೆಂದು ರಸ್ತೆಗುಂಟ ನಡೆದುಹೋದಳಂತೆ. "ನಡಕೋತ ಹ್ವಾದಳ್ರಿ, ಹಿಂದಕ ಬರ್ಲಿಲ್ಲ" ಎಂದಷ್ಟೇ ಹೇಳಿದ. ತಮ್ಮ ಹುಡುಕಲು ಹೊರಟ. ಆಕೆಯದೊಂದು ಫೋಟೋ ಸಹ ಇರಲಿಲ್ಲ. ನಾನು ಪೆನ್ಸಿಲಿನಲ್ಲಿ ಬರೆದ ಹಾಳೆಯನ್ನೇ ಮಡಚಿಕೊಂಡು ಹೋಗಿ, ಪೊಲೀಸರಿಗೆ, ಲಾರಿಯವರಿಗೆ, ಆಸ್ಪತ್ರೆಯ ಬಾಗಿಲಲ್ಲಿ ಕೂತವರಿಗೆ ತೋರಿಸಿದ. ಮುಖ ಸಣ್ಣದಾಗಿ ಬರೆದಿದ್ದೆ. ನನ್ನ ಗಮನವೆಲ್ಲ ಬಲ್ಬಿನಲ್ಲಿ ನಡೆಯಬೇಕಿದ್ದ ಕಾಲುಗಳ ಮೇಲಿತ್ತು. "ಇಂಥೋರು ಸಾವಿರ ಮಂದಿ ಅದಾರ ಅಂದ್ರು" ಎಂದು ಬರಿಗೈಯಲ್ಲಿ ಬಂದ.

ಮುಂದಿನ ದೀಪಾವಳಿಗೆ ಅಂಗಡಿಯವರು ಅದೇ ಹಲಗೆ ಬೇಕೆಂದರು. ಮಂತ್ರಾಲಯದಿಂದಲೂ ಕೇಳಿಕೊಂಡು ಬಂದಿದ್ದರು. ಅವನು ಕೊಡಲಿಲ್ಲ. ಅಂಗಳದಲ್ಲಿ ಕೂತು ಒಂದೊಂದೇ ಬಲ್ಬು ಬಿಚ್ಚಿದ. ಅಂಗಡಿಯವರು ರಾಯಚೂರಿನಿಂದ ಬೇರೆಯವರನ್ನು ಕರೆಸಿ ಲಕ್ಷ್ಮಿಯನ್ನು ನಿಲ್ಲಿಸಿದರು.

ಆ ಹಬ್ಬ ಕಳೆದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಗುಳೆಯವರ ನಡುವೆ ಅವನೂ ಭಾವನೂ ಕೂತಿದ್ದರು. ಅಂಗಡಿ ಮುಚ್ಚಿಬಿಟ್ಟಿದ್ದ.

"ರಸ್ತಿ ಕೆಲಸಕ್ಕ ಹೊಂಟೀನ್ರಿ. ಅಲ್ಲೇ ಇದ್ರ ಹುಡುಕಾಕ ಆಗತೈತಿ."

"ಎಷ್ಟು ರಸ್ತೆ ಅಂತ ಹುಡುಕ್ತೀಯಪ್ಪಾ?"

ನನ್ನ ಆದೋನಿಯ ಗಾಡಿ ಮೊದಲು ಬಂತು, ಹತ್ತಿದೆ. ನನಗೆ ವರ್ಗವಾಗುವವರೆಗೂ ಪ್ರತಿ ಯುಗಾದಿಗೆ ಬೊಂಬಾಯಿ ರೈಲಿನಿಂದ ಇಳಿದವರನ್ನು ಕೇಳುತ್ತಿದ್ದೆ. ಅವರಲ್ಲಿ ಯಾರೂ ಅವನನ್ನಾಗಲಿ ಆಕೆಯನ್ನಾಗಲಿ ಕಂಡಿರಲಿಲ್ಲ.