ಬಂಬದ ಕೊಳವೆ, ನಮ್ಮ ಕಿಟಕಿ

ಹೊಗೆಯ ಜಗಳವನ್ನು ನಾನು ಶುರು ಮಾಡಿದೆನೋ ಪಕ್ಕದ ಮನೆಯ ಮಾವಶಿಯೋ, ಈಗ ಆಣೆ ಮಾಡಿ ಹೇಳಲಾರೆ. ಸಾಕ್ಷಿಯಿಲ್ಲದ ಮಾತನ್ನು ಅನುಮಾನಿಸಲು ವಿಶ್ವವಿದ್ಯಾಲಯದಲ್ಲಿ ಕಲಿತೆ. ನನ್ನ ನೆನಪೂ ಅಂಥದೊಂದು ಮಾತು ಎಂಬುದು ತಡವಾಗಿ ಹೊಳೆಯಿತು.

ಹೊಗೆಯ ಬಗ್ಗೆ ಮಾತ್ರ ಸಂಶಯವಿಲ್ಲ. ಮಿರಜದ ನಮ್ಮ ಓಣಿಯಲ್ಲಿ ಸ್ನಾನದ ನೀರು ಕಾಯಿಸಲು ಹೊಗೆಕೊಳವೆಯ ತಾಮ್ರದ ಬಂಬ ಉರಿಸುವ ಮನೆ ಮಾವಶಿಯದೊಂದೇ ಉಳಿದಿತ್ತು. ಮಾವಶಿಯ ಗಂಡ ಮಾಧವನಗರದ ಗಿರಣಿಯಲ್ಲಿದ್ದವರು. ಗಿರಣಿ ಮುಚ್ಚಿದಾಗ ನೂಲು ಸುತ್ತುವ ಮರದ ಬಾಬಿನ್ನುಗಳನ್ನು ಚೀಲಗಟ್ಟಲೆ ತಂದಿಟ್ಟಿದ್ದರು. ಎಣ್ಣೆ ಕುಡಿದ ಆ ಕಟ್ಟಿಗೆಯ ಕಪ್ಪು ಹೊಗೆ ನೇರ ಅವ್ವನ ಕೋಣೆಗೆ ನುಗ್ಗುತ್ತಿತ್ತು. ಅವ್ವನಿಗೆ ದಮ್ಮು. ಆ ಚಳಿಗಾಲದಲ್ಲಿ ಆಗಲೇ ಎರಡು ಸಲ ದವಾಖಾನೆಗೆ ಒಯ್ದಿದ್ದೆ.

ಟೇಪು ಹಿಡಿದು ಅಳೆದೆ. ಬಂಬದ ಕೊಳವೆಯ ಬಾಯಿ ಅವ್ವನ ಕಿಟಕಿಗಿಂತ ಒಂದು ಗೇಣು ಕೆಳಗಿತ್ತು. ಅಳತೆ ಬರೆದ ಚೀಟಿಯೊಂದಿಗೇ ಮಾವಶಿಯ ಬಾಗಿಲಿಗೆ ಹೋದೆ.

"ಕಿಡಕಿ ಮೊದಲಿಂದ ಐತ್ರಿ ಮಾವಶಿ. ನಿಮ್ಮ ಕೊಳವಿ ಆಮ್ಯಾಲೆ ಬಂತು. ನೀವ ತಗೀಬೇಕು."

"ಕೊಳವಿ ನಾ ಮದಿವ್ಯಾಗಿ ಬಂದಾಗಿಂದ ಐತಿ. ಕಿಡಕಿ ಕೊರದವರು ನೀವು. ಆವಾಗ ನೀ ಚಡ್ಡಿ ಸೈತ ಹಾಕ್ಕೋತಿರಲಿಲ್ಲ, ನಿನಗೇನು ನೆನಪು?"

"ಪಕ್ಕಾ ನೆನಪೈತ್ರಿ. ಅದ ಕಿಡಕ್ಯಾಗ ಕುಂತು ದಾರ ಬಿಟ್ಟು ಪತಂಗ ಹಾರಿಸೇನಿ."

"ಗ್ವಾಡ್ಯಾಗಿಂದ ಹಾರಿಸಿದ್ಯಾ?"

ಮುನ್ಸಿಪಾಲ್ಟಿಗೆ ಅರ್ಜಿ ಬರೆಯಲು ಕುಳಿತೆ. ಅವ್ವ ಪೆನ್ನು ಕಸಿದುಕೊಂಡಳು.

"ದಿನಾ ಎರಡು ಕೊಡ ಬಿಸಿನೀರು ಆಕಿ ಗ್ವಾಡಿ ಮ್ಯಾಲಿಂದ ಕೊಡತಿದ್ಳು. ಆ ನೀರಾಗ ನಿನ್ನ ಎರದು ಬೆಳಿಸೇನಿ. ಬಂಬ ಆರಿಸ್ರಿ ಅನಬ್ಯಾಡ."

"ಮತ್ತ ನಿನ್ನ ಉಸಿರು?"

"ಕೊಳವಿ ಎತ್ತರ ಮಾಡಸು. ಇಷ್ಟು ಕಲತು ಇದು ತಿಳೀಲಿಲ್ಲೇನು?"

ತಗಡಿನ ಪತ್ರಾ ಕೆಲಸದವನನ್ನು ಕರೆಸಿ, ಕೊಳವೆಗೆ ತುಂಡು ಜೋಡಿಸಿ, ನಮ್ಮ ಮಾಳಿಗೆಗಿಂತ ಮೇಲಕ್ಕೆ ಒಯ್ದೆ. ಬಾಬಿನ್ನು ಬಿಟ್ಟು ಒಣ ಜಾಲಿ ಉರಿಸಲು ಮಾವಶಿ ಒಪ್ಪಿದರು. ಕೊಳವೆ ಆಮೇಲೆ ಬಂದದ್ದೆಂದು ಮಾತ್ರ ಒಪ್ಪಲಿಲ್ಲ. ಆ ಚಳಿಗಾಲ ಅವ್ವನನ್ನು ಮತ್ತೆ ದವಾಖಾನೆಗೆ ಒಯ್ಯುವ ಪ್ರಸಂಗ ಬರಲಿಲ್ಲ. ಅಳತೆ ನನ್ನದು, ಹಟ ನನ್ನದು, ಆದ್ದರಿಂದ ಸರಿಯಾಗಿದ್ದವನೂ ನಾನೇ ಎಂದು ಎರಡು ವರ್ಷ ನಿಶ್ಚಿಂತೆಯಿಂದಿದ್ದೆ.

ಕಳೆದ ತಿಂಗಳು ಕಪಾಟಿನಲ್ಲಿ ನನ್ನ ಜಾವಳದ, ಮೊದಲ ಸಲ ಕೂದಲು ತೆಗೆಸಿದ ದಿನದ, ಫೋಟೊ ಸಿಕ್ಕಿತು. ಬೋಳುತಲೆಯ ನಾನು ಅವ್ವನ ಸೊಂಟದ ಮೇಲಿದ್ದೇನೆ. ಭೂತಗನ್ನಡಿ ಹಿಡಿದು ನಮ್ಮಿಬ್ಬರ ಹಿಂದೆ ಕಾಣುವುದನ್ನು ನೋಡಿದೆ. ಕೊಳವೆ ಇದೆ, ಅದರ ಮೇಲೆ ಹಳೆಯ ಮಸಿಯೂ ಇದೆ. ಕಿಟಕಿಯ ಜಾಗದಲ್ಲಿ ಬರೀ ಗೋಡೆ.