ಮೆಟ್ಟಿಲ ಕೆಳಗಿನ ಯೂನಿಫಾರ್ಮ್ ಗಂಟು

ನಮ್ಮ ವಠಾರದಲ್ಲಿ ಬಾಡಿಗೆಗಿದ್ದ ಗಿರಿಜಾ ಎಂಬ ಹೆಣ್ಣುಮಗಳನ್ನು ನಾನು ಎಲ್ಲರ ಮುಂದೆ ಕಳ್ಳಿ ಎಂದೆ. ಆಕೆ ಕದ್ದಿರಲಿಲ್ಲ. ಆ ವಿಷಯ ನನಗೆ ತಿಳಿದಾಗ ಆಕೆ ಇನ್ನೂ ನಮ್ಮ ವಠಾರದಲ್ಲೇ ಇದ್ದಳು — ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದ್ದರೆ ಸಾಕಿತ್ತು. ನಾನು ತಟ್ಟಲಿಲ್ಲ. ಹತ್ತು ವರ್ಷದ ಮೇಲಾಯಿತು.

ನಮ್ಮದು ಕಮ್ಮನಹಳ್ಳಿಯ ಹಳೆಯ ಮನೆತನ. ಅಪ್ಪನ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಉಳಿದ ಚೂರು ಜಾಗದಲ್ಲಿ ನಾನು ಒಂದರ ಮೇಲೊಂದು ಬಾಡಿಗೆ ಮನೆ ಕಟ್ಟಿಸಿದೆ. ಓದಿದ್ದು ಎಸ್ಸೆಸ್ಸೆಲ್ಸಿ. ದುಡಿದದ್ದು ಒಂದು ಕಾರ್ಖಾನೆಯ ಗೇಟಿನಲ್ಲಿ. ಪಾಳಿ ಮುಗಿಸಿ ಹೊರಗೆ ಹೋಗುವವರ ಚೀಲ ತಡವುವುದು, ಊಟದ ಡಬ್ಬ ತೆಗೆಸಿ ನೋಡುವುದು, ಜೇಬು ಉಬ್ಬಿದ್ದರೆ ನಿಲ್ಲಿಸುವುದು — ಇದೇ ಕೆಲಸ. ನಾನು ನಿವೃತ್ತನಾದರೂ ನನ್ನ ಕಣ್ಣು ಆಗಲಿಲ್ಲ. ಮನೆಗೆ ಯಾರಾದರೂ ಬಂದರೆ ಮುಖಕ್ಕಿಂತ ಮೊದಲು ಅವರ ಕೈ ನೋಡುತ್ತಿದ್ದೆ.

ಗಿರಿಜಾ ಗದಗದ ಕಡೆಯವಳು. ಗಂಡನಿಗೆ ಯಾವುದೋ ಆಫೀಸಿನಲ್ಲಿ ಕೆಲಸ, ಒಬ್ಬಳೇ ಮಗಳು. ನಮ್ಮ ವಠಾರದ ಮಕ್ಕಳೆಲ್ಲ ಹತ್ತಿರದ ಒಂದೇ ಶಾಲೆಗೆ ಹೋಗುತ್ತಿದ್ದರು. ಆ ಶಾಲೆಯವರು ಯೂನಿಫಾರ್ಮನ್ನು ತಾವು ಹೇಳಿದ ಅಂಗಡಿಯಲ್ಲೇ ಕೊಳ್ಳಬೇಕು ಎನ್ನುತ್ತಿದ್ದರು, ಅಂಗಡಿಯವನು ತನಗೆ ತೋಚಿದ ಬೆಲೆ ಹೇಳುತ್ತಿದ್ದ. ಮೇ ತಿಂಗಳು ಬಂದರೆ ಬಾಡಿಗೆದಾರರ ಮುಖ ಸಪ್ಪಗಾಗುತ್ತಿತ್ತು. ಗಿರಿಜಾ ಬಂದ ಮೇಲೆ ಒಂದು ಪದ್ಧತಿ ಶುರು ಮಾಡಿದಳು. ಮಕ್ಕಳಿಗೆ ಚಿಕ್ಕದಾದ ಅಂಗಿ, ಲಂಗ, ಶೂ, ಮುಗಿದ ತರಗತಿಯ ಪುಸ್ತಕ — ಯಾರದ್ದೇ ಇರಲಿ, ವರ್ಷಪೂರ್ತಿ ತಂದು ಒಂದು ಕಡೆ ಹಾಕುವುದು. ಮೇ ಕೊನೆಯ ಭಾನುವಾರ ಟೆರೇಸಿನ ಮೇಲೆ ಹರಡಿ, ಯಾರಿಗೆ ಯಾವುದು ಆಗುತ್ತದೋ ನೋಡಿ ಹಂಚಿಕೊಳ್ಳುವುದು. ಹರಿದದ್ದನ್ನು ತನ್ನ ಮಷೀನಿನಲ್ಲಿ ಆಕೆಯೇ ಹೊಲಿಯುತ್ತಿದ್ದಳು. ಸವೆದ ಕಾಲರನ್ನು ಬಿಚ್ಚಿ ತಿರುಗಿಸಿ ಹೊಲಿದರೆ ಅಂಗಿ ಹೊಸದರ ಹಾಗೆ ಕಾಣುತ್ತಿತ್ತು.

ಬಟ್ಟೆಯ ಗಂಟು ಇಡಲು ಮೆಟ್ಟಿಲ ಕೆಳಗಿನ ಗೂಡು ಕೊಟ್ಟವನು ನಾನೇ. ಬೀಗಕ್ಕೆ ಎರಡು ಕೀ. ಒಂದು ಆಕೆಯ ಹತ್ತಿರ, ಇನ್ನೊಂದು ನಮ್ಮ ಅಡುಗೆಮನೆಯ ಮೊಳೆಯಲ್ಲಿ.

ಮೊದಲ ದಿನದಿಂದಲೇ ನನಗೆ ಅನುಮಾನ. ಪುಕ್ಕಟೆಯಾಗಿ ಯಾರಾದರೂ ಊರವರ ಮಕ್ಕಳಿಗೆ ಕಾಲರ್ ತಿರುಗಿಸುತ್ತಾರೆಯೇ? ಆಕೆಯ ಮಗಳ ಅಂಗಿ ಮಾತ್ರ ಯಾಕೆ ಅಷ್ಟು ಚೆನ್ನಾಗಿರುತ್ತದೆ? ಒಳ್ಳೆಯದನ್ನು ಮೊದಲೇ ಎತ್ತಿಟ್ಟುಕೊಳ್ಳುತ್ತಾಳೆಯೇ? ಆಕೆ ಚೀಲ ಹಿಡಿದು ಗೇಟು ದಾಟುವಾಗ ಚೀಲ ಎಷ್ಟು ಉಬ್ಬಿದೆ ಎಂದು ನೋಡುತ್ತಿದ್ದೆ. ಒಮ್ಮೆ 'ಏನಮ್ಮಾ, ಭಾರ ಜೋರಾಗಿದೆ' ಎಂದೆ. 'ಜೋಳದ ಹಿಟ್ಟು ರೀ ಕಾಕಾರ, ನಿಮ್ಮ ಮನಿಗೂ ರೊಟ್ಟಿ ಕಳಸ್ತೀನಿ' ಎಂದು ನಕ್ಕಳು. ರೊಟ್ಟಿ ಬಂತು. ಇದೇಕೆ ಕೊಟ್ಟಳು ಎಂದು ಅದರ ಮೇಲೂ ಅನುಮಾನಪಟ್ಟೆ — ಅನುಮಾನಪಡುತ್ತಲೇ ತಿಂದೆ.

ಒಂದು ಬೇಸಿಗೆಯಲ್ಲಿ ಗಂಟು ಸಣ್ಣಗಾಗುತ್ತಿದೆ ಅನ್ನಿಸಿತು. ಹಿಂದಿನ ವಾರ ಕಂಡಿದ್ದ ಅಂಗಿ ಈ ವಾರ ಇಲ್ಲ. ಯಾರನ್ನೂ ಕೇಳಲಿಲ್ಲ. ಕೆಂಪು ದಾರ ತೆಗೆದುಕೊಂಡು, ಚೆನ್ನಾಗಿದ್ದ ಚೌಕಳಿ ಅಂಗಿಗಳ ಕಾಲರಿನ ಒಳಗೆ ಯಾರಿಗೂ ಕಾಣದ ಹಾಗೆ ಗುರುತಿನ ಹೊಲಿಗೆ ಹಾಕಿಟ್ಟೆ. ನನ್ನ ಹೆಂಡತಿ ಜಯಮ್ಮನಿಗೂ ಹೇಳಲಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಹೀಗೆ ಗುರುತು ಹಾಕಿ ಕಳ್ಳರನ್ನು ಹಿಡಿದದ್ದಿತ್ತು. ಆ ಉಪಾಯ ಇಲ್ಲಿಯೂ ನೆನಪಾಯಿತಲ್ಲ ಎಂದು ನನಗೆ ನನ್ನ ಮೇಲೇ ಮೆಚ್ಚುಗೆ — ಈಗ ಬರೆಯಲು ನಾಚಿಕೆಯಾಗುತ್ತದೆ.

ಅದಾದ ಕೆಲವು ದಿನಕ್ಕೆ ಮಿಕ್ಸಿ ಜಾರು ರಿಪೇರಿಗೆಂದು ಶಿವಾಜಿನಗರಕ್ಕೆ ಹೋದೆ. ಫುಟ್‌ಪಾತಿನ ಮೇಲೆ ಹಳೆಯ ಬಟ್ಟೆಯ ರಾಶಿ. ಅದರ ನಡುವೆ ನಮ್ಮ ಶಾಲೆಯ ಚೌಕಳಿ. ಎತ್ತಿ ಕಾಲರ್ ಮಡಚಿದೆ, ಒಳಗೆ ಕೆಂಪು ದಾರ. ಮೈಯೆಲ್ಲ ಬಿಸಿಯಾಯಿತು. ಅದು ಸಿಟ್ಟಲ್ಲ — ಖುಷಿ. ಇದು ಎಲ್ಲಿಂದ ಬಂತು ಎಂದು ಮಾರುವವನನ್ನು ಕೇಳಿದೆ.

'ಯಾರೋ ಹೆಂಗ್ಸು ತಂದು ಹಾಕಿದ್ದು ಸಾಬ್. ಬೇಕಂದ್ರೆ ತಗೋಳಿ, ಬೇಡಾಂದ್ರೆ ಕೆಳಗಿಡಿ' ಎಂದ.

ಹೆಂಗಸು ಎಂದದ್ದೇ ನನಗೆ ಸಾಕಾಯಿತು. ಎಂಥ ಹೆಂಗಸು, ಯಾವಾಗ ಬರುತ್ತಾಳೆ — ಕೇಳಲಿಲ್ಲ. ಗೇಟಿನಲ್ಲಿ ಒಂದು ನಟ್ಟು ಸಿಕ್ಕರೆ ಹತ್ತು ಪ್ರಶ್ನೆ ಕೇಳುತ್ತಿದ್ದವನು ಅಲ್ಲಿ ಎರಡನೆಯ ಪ್ರಶ್ನೆ ಕೇಳಲಿಲ್ಲ.

ಹಂಚುವ ಭಾನುವಾರದವರೆಗೆ ಕಾದೆ. ಎಲ್ಲ ಮನೆಯವರೂ ಟೆರೇಸಿಗೆ ಬಂದಿದ್ದರು. ಮಕ್ಕಳು ಒಬ್ಬರ ಶೂ ಒಬ್ಬರು ಹಾಕಿಕೊಂಡು ಟಕಟಕ ನಡೆಯುತ್ತಿದ್ದರು. ಗಿರಿಜಾ ಅಂಗಿಗಳನ್ನು ಅಳತೆಯ ಪ್ರಕಾರ ಜೋಡಿಸುತ್ತಿದ್ದಳು. ನಾನು ಶಿವಾಜಿನಗರದಿಂದ ತಂದ ಅಂಗಿಯನ್ನು ಆಕೆಯ ಮುಂದೆ ಎಸೆದೆ.

'ಇದು ಶಿವಾಜಿನಗರಕ್ಕೆ ಹೆಂಗಮ್ಮಾ ಹೋಯ್ತು? ಕಾಲು ಬಂತಾ ಇದಕ್ಕೆ?'

ಆಕೆ ಅಂಗಿಯನ್ನೂ ನನ್ನನ್ನೂ ನೋಡಿ, ತನಗೆ ಗೊತ್ತಿಲ್ಲ ಎಂದಳು. ಕೀ ಯಾರ ಹತ್ತಿರ ಇತ್ತು ಎಂದು ಗದರಿದೆ.

'ನಂದೊಂದು, ನಿಮ್ಮದೊಂದು ರೀ ಕಾಕಾರ.'

ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ನನಗೆ ಅದು ಸೊಕ್ಕಾಗಿ ಕೇಳಿಸಿತು. 'ಕದ್ದು ಮಾರ್ಕೊಂಡಿದ್ದಲ್ದೆ ನನ್ನ ಮನೆ ಮೇಲೇ ಹೇಳ್ತೀಯಾ? ಕಳ್ಳಿ' ಎಂದೆ. ಮಕ್ಕಳ ನಡೆದಾಟ ನಿಂತಿತು. ಆಕೆಯ ಮಗಳು ಅಲ್ಲೇ ಇದ್ದಳು, ತಾಯಿ ಹೊಲಿದ ಅಂಗಿ ಹಾಕಿಕೊಂಡು. ಯಾರೋ ಒಬ್ಬ ತಾಯಿ ತನ್ನ ಮಗುವಿನ ಕೈಯಿಂದ ಗಂಟಿನ ಬಟ್ಟೆ ಕಿತ್ತು ಕೆಳಗಿಟ್ಟಳು. ಜಯಮ್ಮ ನೀರಿನ ಟ್ಯಾಂಕಿನ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. ಗದ್ದಲಕ್ಕೆ ಹೆದರಿದ್ದಾಳೆ ಅಂದುಕೊಂಡೆ. ಎಲ್ಲರ ಮೇಲೂ ಅನುಮಾನಪಡುವ ನನಗೆ ಆ ತಗ್ಗಿದ ತಲೆಯ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ನಾನಾಗಿ ಮನೆ ಖಾಲಿ ಮಾಡಿ ಎನ್ನಲಿಲ್ಲ, ಎನ್ನುವ ಅಗತ್ಯವೂ ಬೀಳಲಿಲ್ಲ. ನಲ್ಲಿಯ ಹತ್ತಿರ ಆಕೆ ಬಂದರೆ ಬೇರೆಯವರು ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಶಾಲೆ ಶುರುವಾದ ಮೇಲೆ ಮಕ್ಕಳು ಆ ಹುಡುಗಿಯನ್ನು, ಇದು ಯಾರ ಅಂಗಿ, ಎಲ್ಲಿ ಕದ್ದದ್ದು ಎಂದು ಕೇಳಿದರಂತೆ. ಕೆ.ಆರ್. ಪುರದ ಕಡೆ ಮನೆ ಸಿಕ್ಕಿದೆ, ತಿಂಗಳ ಕೊನೆಗೆ ಬಿಡುತ್ತೇವೆ ಎಂದು ಗಂಡ ಬಂದು ಹೇಳಿಹೋದ. ನನ್ನ ಮುಖ ನೋಡದೆ ಹೇಳಿದ. ಅದನ್ನೂ ನಾನು ತಪ್ಪಿನ ಲಕ್ಷಣ ಎಂದೇ ಲೆಕ್ಕ ಹಾಕಿದೆ.

ಅವರು ಇನ್ನೂ ಹೊರಟಿರಲಿಲ್ಲ. ಒಂದು ಬೆಳಗ್ಗೆ, ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸು ತಲೆಯ ಮೇಲೆ ಬುಟ್ಟಿ ಹೊತ್ತು ಗೇಟಿಗೆ ಬಂದಳು. ನಾನು ಪೇಪರ್ ಓದುತ್ತಿದ್ದೆ. ಆಕೆ ಒಳಗೆ ಇಣುಕಿ ಕೂಗಿದಳು —

'ಅಮ್ಮಾವ್ರೇ, ಹೋದ್ಸಲ ಕೊಟ್ರಲ್ಲ, ಇಸ್ಕೂಲ್ ಬಟ್ಟೆ, ಆ ಥರದ್ದು ಇನ್ನೂ ಇದ್ರೆ ಕೊಡಿ. ದೊಡ್ಡ ಡಬ್ಬನೇ ಕೊಡ್ತೀನಿ.'

ಜಯಮ್ಮ ಬಾಗಿಲಿಗೆ ಬಂದಳು. ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಮೊಳೆಯಲ್ಲಿದ್ದ ಕೀ, ಸಣ್ಣಗಾದ ಗಂಟು, ಅಡುಗೆಮನೆಯಲ್ಲಿ ಹೊಸದಾಗಿ ಬಂದು ಕೂತಿದ್ದ ಮುಚ್ಚಳದ ಡಬ್ಬ — ಎಲ್ಲ ಒಂದೇ ಸಲಕ್ಕೆ ತಿಳಿಯಿತು. ಆ ಹೆಂಗಸು ಬಟ್ಟೆಗಳನ್ನು ಎಲ್ಲಿ ಹಾಕುತ್ತಾಳೆ ಎಂದು ಕೇಳುವುದೇ ಬೇಕಿರಲಿಲ್ಲ.

ನಾನು ಎದ್ದು ಹೋಗಿ, ಏನೂ ಇಲ್ಲ ಹೋಗಮ್ಮ ಎಂದು ಗೇಟು ಹಾಕಿದೆ. ಮೇಲೆ ಗಿರಿಜಾಳ ಮನೆಯಿಂದ ಮಷೀನಿನ ಸದ್ದು ಬರುತ್ತಿತ್ತು. ಮೊದಲ ಮೆಟ್ಟಿಲ ತನಕ ಹೋದೆ — ಇದು ನಿಜ, ಹೋದೆ. ಮನೆ ಮಾಲೀಕ, ನಮ್ಮವರೇ ಇಷ್ಟು ಜನ ಇರುವ ಊರು, ಹೆಂಡತಿಯ ಹೆಸರು... ತಿರುಗಿ ಬಂದು ಮತ್ತೆ ಪೇಪರ್ ಹಿಡಿದೆ.

ಜಯಮ್ಮನ ಮೇಲೆ ಹೊರೆ ಹಾಕುವುದಕ್ಕೆ ಇದನ್ನು ಬರೆಯುತ್ತಿಲ್ಲ. ಯಾರಿಗೂ ಆಗದ ಸೈಜುಗಳು ಸುಮ್ಮನೆ ಬಿದ್ದಿವೆ ಅಂದುಕೊಂಡು ಕೊಟ್ಟಳಂತೆ. ಟೆರೇಸಿನ ಮೇಲೆ ಆ ಅಂಗಿ ಕಂಡಾಗ ಅವಳಿಗೆ ಅರ್ಥವಾಯಿತು. ಆದರೆ ನಾನು ಅಷ್ಟು ಹೊತ್ತಿಗೆ ಕೂಗಾಡುತ್ತಿದ್ದೆ. ಅವಳ ಬಾಯಿ ಕಟ್ಟಿದ್ದು ನನ್ನ ಮೇಲಿನ ಭಯ. ನನ್ನ ಬಾಯಿ ಯಾರೂ ಕಟ್ಟಿರಲಿಲ್ಲ.

ತಿಂಗಳ ಕೊನೆಗೆ ಟೆಂಪೋ ಬಂತು. ಗಿರಿಜಾ ನಮ್ಮ ಬಾಗಿಲಿಗೆ ಬಂದು ಗೂಡಿನ ಕೀಯನ್ನು ಜಯಮ್ಮನ ಕೈಗೆ ಕೊಟ್ಟಳು. ನಾನು ಒಳಗೇ ಇದ್ದೆ. ಶಾಲೆ ಶುರುವಾದ ಮೇಲೆ ಬೇರೆ ಶಾಲೆಗೆ ಸೇರಿಸುವುದು ಎಂದರೆ ಮತ್ತೆ ಫೀಸು, ಬೇರೆ ಬಣ್ಣದ ಬಟ್ಟೆ, ಬೇರೆ ಪುಸ್ತಕ — ಎಲ್ಲವೂ ಹೊಸದು. ಎಷ್ಟೋ ಮನೆಗಳಿಗೆ ಆ ಖರ್ಚು ಉಳಿಸಿಕೊಟ್ಟವಳ ತಲೆಗೇ ಅದನ್ನು ನಾನು ಕಟ್ಟಿದ್ದೆ.

ಆಕೆ ಹೋದ ಮೇಲೆ ಕೆಲವು ವರ್ಷ ಗಂಟು ಇರಲಿಲ್ಲ. ಪ್ರತಿ ಮನೆಯವರೂ ಆ ಅಂಗಡಿಯಲ್ಲೇ ಸಾಲು ನಿಂತು ಕೊಂಡರು, ನನ್ನ ಮುಂದೆ ಬಂದು ಗೊಣಗಿದರು. ನಾನು ತಲೆ ಆಡಿಸಿದೆ. ಆಮೇಲೆ ಬಂದ ಬಾಡಿಗೆದಾರರು ವಾಟ್ಸ್ಯಾಪ್ ಗುಂಪು ಮಾಡಿ ಪದ್ಧತಿಯನ್ನು ಮತ್ತೆ ಶುರು ಮಾಡಿದರು. ಗೂಡು ತೆಗೆಯುವಾಗ ಇಬ್ಬರು ಇರಲೇಬೇಕು ಎಂದು ನಿಯಮ ಮಾಡಿದರು. ಯಾಕೆಂದರೆ ಹಿಂದೆ ಒಬ್ಬಳು ಕದ್ದಿದ್ದಳಂತೆ. ಯಾರೂ ಆಕೆಯನ್ನು ಕಂಡವರಲ್ಲ. ಹೆಸರು ಮಾತ್ರ ಉಳಿದಿತ್ತು.

ಹೋದ ಮೇ ತಿಂಗಳಲ್ಲಿ ಟೆರೇಸಿನ ಮೇಲೆ ಜೊತೆಯಲ್ಲಿದ್ದ ಒಂದು ಶೂ ಕಾಣೆಯಾಯಿತು. ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದಾಗ ನನ್ನ ಮೊಮ್ಮಗ ಗೆಳೆಯನಿಗೆ ನಗುತ್ತಾ ಹೇಳಿದ — 'ಗಿರಿಜಾ ಹೊಡ್ಕೊಂಡ್ ಹೋಗಿರ್ತಾಳೆ ಮಗಾ.' ಎಲ್ಲರೂ ನಕ್ಕರು. ಅದು ವಠಾರದ ಮಾಮೂಲಿ ಜೋಕಂತೆ. ಪೆನ್ಸಿಲ್ ಕಳೆದರೂ ಗಿರಿಜಾ, ಬಾಲು ಕಳೆದರೂ ಗಿರಿಜಾ. ಅವನಿಗೆ ಆ ಮಾತು ಬೀದಿಯಿಂದ ಬರಲಿಲ್ಲ, ನನ್ನ ಮನೆಯಿಂದ ಹೋದದ್ದು.

ಹಳೆಯ ಬಾಡಿಗೆದಾರರೊಬ್ಬರ ಹತ್ತಿರ ಗಿರಿಜಾಳ ನಂಬರ್ ಈಸಿಕೊಂಡು, ವಿಳಾಸ ಕೇಳಿಕೊಂಡು ಹೋದೆ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಳಿದು ಒಳಗೆ ನಡೆದರೆ ಸಣ್ಣ ಮನೆ. ಗಿರಿಜಾಳ ಕೂದಲು ಬೆಳ್ಳಗಾಗಿದೆ. ಗುರುತು ಹಿಡಿದಳು. ಕುರ್ಚಿ ಹಾಕಿದಳು, ನೀರು ಕೊಟ್ಟಳು. ಎಲ್ಲವನ್ನೂ ಹೇಳಿದೆ — ಕೆಂಪು ದಾರ, ಪಾತ್ರೆಯವಳು, ಮೊದಲ ಮೆಟ್ಟಿಲಿನಿಂದ ತಿರುಗಿ ಬಂದದ್ದು. ತಪ್ಪಾಯಿತಮ್ಮ ಎಂದೆ. ಆಕೆ ಅಳಲಿಲ್ಲ, ಬೈಯಲಿಲ್ಲ. ಕೇಳಿ ಮುಗಿಸಿ ಹೇಳಿದಳು —

'ನನಗ್ಯಾಕ ಹೇಳಾಕತ್ತೀರಿ? ನಾ ಕದ್ದಿಲ್ಲಂತ ನನಗ ಮೊದಲ ಗೊತ್ತೈತಿ. ಗೊತ್ತಿಲ್ದವ್ರಿಗೆ ಹೋಗಿ ಹೇಳ್ರಿ.'

ಕ್ಷಮಿಸಿದೆ ಎನ್ನಲಿಲ್ಲ. ಮಗಳ ಬಗ್ಗೆ ಕೇಳಿದೆ, ಲೋಟ ಎತ್ತಿಕೊಂಡು ಒಳಗೆ ಹೋದಳು. ಕೇಳುವ ಹಕ್ಕೂ ನನಗಿರಲಿಲ್ಲ.

ಮನೆಗೆ ಬಂದು ಜಯಮ್ಮನಿಗೆ ಹೇಳಿದೆ. ಅವಳು, ನನ್ನ ಹೆಸರನ್ನೂ ಬಿಡಬೇಡಿ ಎಂದಳು. ಮುಂದಿನ ಭಾನುವಾರ ಎಲ್ಲ ಮನೆಯವರನ್ನೂ ಟೆರೇಸಿಗೆ ಕರೆದು ಹೇಳಿದೆವು. ಒಬ್ಬರು, ಹೋಗ್ಲಿ ಬಿಡಿ ಅಂಕಲ್, ಹಳೇ ವಿಷಯ ಎಂದರು. ಇನ್ನೊಬ್ಬರು ಜಯಮ್ಮನನ್ನು ಮೇಲಿಂದ ಕೆಳಗೆ ನೋಡಿದರು. ಆ ನೋಟ ನನಗೆ ಪರಿಚಯವಿದೆ.

ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಸಾಯುವ ಮೊದಲು ಒಳ್ಳೆಯವನೆನ್ನಿಸಿಕೊಳ್ಳುವ ಆಸೆಯೇ ಇದು — ಇರಬಹುದು. ಇದ್ದರೂ ಬರೆಯಬೇಕು. ಆ ದಿನ ಟೆರೇಸಿನ ಮೇಲೆ ಇದ್ದ ಸಂಸಾರಗಳು ಈಗ ಎಲ್ಲೆಲ್ಲೋ ಇವೆ. ಬೆನ್ಸನ್ ಟೌನಿಗೆ ಹೋದವರಿದ್ದಾರೆ, ಊರಿಗೇ ಮರಳಿದವರಿದ್ದಾರೆ. ನನ್ನ ಮಾತನ್ನು ಅವರೂ ಜೊತೆಗೆ ಒಯ್ದಿದ್ದಾರೆ. ಎಲ್ಲರ ವಿಳಾಸ ನನ್ನಲ್ಲಿಲ್ಲ. ಸಿಕ್ಕವರ ಬಾಗಿಲಿಗೆ ಒಬ್ಬೊಬ್ಬರಾಗಿ ಹೋಗುತ್ತಿದ್ದೇನೆ, ಕಾಲು ಆಡುವ ತನಕ ಹೋಗುತ್ತೇನೆ. ಸಿಗದವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಗಿರಿಜಾ ಒಂದು ಅಂಗಿಯನ್ನೂ ಕದ್ದಿರಲಿಲ್ಲ. ನಿಮ್ಮ ಮಕ್ಕಳಿಗೂ ಹೇಳಿ.